ವೀರಗಲ್ಲಿನ ಹಿಂದೆ ಒಂದು ಮನೆ



ಸ್ವಾತಂತ್ರ್ಯ ದಿನದ ಬೆಳಿಗ್ಗೆ ನಿಮ್ಮ ಬಡಾವಣೆಯ ಧ್ವಜಸ್ತಂಭದ ಮುಂದೆ ನೆರೆಯುವ ಸಣ್ಣ ಗುಂಪಿನಲ್ಲಿ ಒಬ್ಬರು ಉಳಿದವರಿಗಿಂತ ನೆಟ್ಟಗೆ ನಿಂತಿರುವುದನ್ನು ನೀವು ಕಂಡಿರಬಹುದು. ಇಸ್ತ್ರಿ ಮಾಡಿದ ಕೋಟು, ಎದೆಯ ಮೇಲೆ ಪದಕಗಳ ಸಾಲು, ರಾಷ್ಟ್ರಗೀತೆ ಮುಗಿಯುವವರೆಗೂ ಅಲುಗದ ನಿಲುವು. ಮಾರನೆಯ ದಿನ ಅವರೇ ಕೈಚೀಲ ಹಿಡಿದು ಮಾರೇನಹಳ್ಳಿಯ ಹಾಲಿನ ಬೂತಿನ ಮುಂದೆ ಎಲ್ಲರಂತೆ ನಿಂತಿರುತ್ತಾರೆ. 'ಮಿಲಿಟರಿಯವರು' ಎಂದು ನಾವು ಅವರನ್ನು ಗುರುತಿಸುತ್ತೇವೆ. ಆದರೆ ಅವರು ಗಡಿಯಲ್ಲಿದ್ದ ವರ್ಷಗಳಲ್ಲಿ ಒಬ್ಬಂಟಿಯಾಗಿ ಮಕ್ಕಳನ್ನು ಶಾಲೆಗೆ ಸೇರಿಸಿದ, ಅತ್ತೆ ಮಾವಂದಿರ ಕಾಯಿಲೆಗೆ ರಾತ್ರಿಯೆಲ್ಲ ಎಚ್ಚರವಿದ್ದ, ಟಪಾಲಿನವನ ದಾರಿ ಕಾದ ಆ ಮನೆಯ ತಾಯಿಯನ್ನು ನಾವು ಯಾವ ಹೆಸರಿನಿಂದ ಗುರುತಿಸುತ್ತೇವೆ? ಆಕೆಗೆ ಪದಕವಿಲ್ಲ.

ಯೋಧನನ್ನು ನೆನೆಯುವ ಸಂಪ್ರದಾಯ ಕನ್ನಡ ನಾಡಿಗೆ ಹೊಸದಲ್ಲ. ಆ ನೆನಪು ಯಾರನ್ನು ಒಳಗೊಂಡಿತು, ಯಾರನ್ನು ಹೊರಗಿಟ್ಟಿತು ಎಂಬುದನ್ನು ಇತಿಹಾಸದ ಬೆಳಕಿನಲ್ಲಿ ನೋಡುವುದು ಈ ಲೇಖನದ ಉದ್ದೇಶ.

ನಾವು ವಾಸಿಸುವ ಈ ನಗರದ ಹೆಸರೇ ಒಬ್ಬನ ಸಾವಿನ ನೆನಪಿನೊಡನೆ ನಮಗೆ ದೊರೆತಿದೆ. ನಗರದ ಆಗ್ನೇಯ ದಿಕ್ಕಿನಲ್ಲಿರುವ ಬೇಗೂರಿನ ನಾಗೇಶ್ವರ ದೇವಾಲಯದ ಆವರಣದಲ್ಲಿ ಸುಮಾರು ಕ್ರಿ.ಶ. 890ರ ವೀರಗಲ್ಲೊಂದಿದೆ. ಬುಟ್ಟಣಸೆಟ್ಟಿ ಎಂಬಾತ ಬೆಂಗಳೂರ ಕಾಳಗದಲ್ಲಿ ಮಡಿದನೆಂದು ಅದರ ಹಳಗನ್ನಡ ಶಾಸನ ತಿಳಿಸುತ್ತದೆ. 'ಬೆಂಗಳೂರು' ಎಂಬ ಹೆಸರಿಗೆ ದೊರೆತಿರುವ ಬಹು ಹಳೆಯ ಲಿಖಿತ ಆಧಾರ ಇದೇ. ಬೆಂದ ಕಾಳಿನ ಕತೆಯಲ್ಲಿ ಬರುವ ವೀರಬಲ್ಲಾಳ ಹುಟ್ಟುವುದಕ್ಕೆ ಶತಮಾನಗಳ ಮೊದಲೇ ಊರು ಆ ಹೆಸರಿನಿಂದ ಪರಿಚಿತವಾಗಿತ್ತು. ಹೆಬ್ಬಾಳದಲ್ಲಿ ದೊರೆತ ಕಿತ್ತಯ್ಯನ ವೀರಗಲ್ಲು ಇದಕ್ಕಿಂತಲೂ ಹಿಂದಿನದು. ಅದರ ಕಾಲ ಸುಮಾರು ಕ್ರಿ.ಶ. 750. ಅರಮನೆಗಳು ಮಣ್ಣಾಗಿವೆ, ಊರಿಗಾಗಿ ಮಡಿದ ಸಾಮಾನ್ಯನ ಕಲ್ಲು ಉಳಿದಿದೆ.

ವೀರಗಲ್ಲನ್ನು ಸಾಮಾನ್ಯವಾಗಿ ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ. ನಡುವೆ ಮಡಿದ ವೀರನನ್ನು ಕರೆದೊಯ್ಯುವ ಅಪ್ಸರೆಯರು. ಮೇಲೆ ದೇವರ ಸನ್ನಿಧಿಯಲ್ಲಿ ಕೈಮುಗಿದ ವೀರ. ನೋಡುವವರ ಕಣ್ಣು ಅಲ್ಲಿಗೇ ನಿಲ್ಲುತ್ತದೆ. ಆದರೆ ಶಾಸನದ ಅಕ್ಷರಗಳಲ್ಲಿ ಹಲವು ಕಡೆ ಮತ್ತೊಂದು ವಿಷಯವಿರುತ್ತದೆ. ಅದು ಭೂಮಿಯ ವಿಷಯ. ನೆತ್ತರು ಸುರಿಸಿದವನ ಹೆಸರಿನಲ್ಲಿ ಅವನ ಮನೆಯವರಿಗೆ ಬಿಟ್ಟುಕೊಟ್ಟ ಭೂಮಿಗೆ 'ನೆತ್ತರುಗೊಡಗೆ' ಎಂಬ ಹೆಸರಿತ್ತು. ಕತ್ತಿ ತೊಳೆಯುವಾಗ ಕೊಟ್ಟ ದತ್ತಿ 'ಬಾಳ್ಗಳ್ಚು'; ಕಲ್ಲಿನೊಡನೆ ಕೊಟ್ಟ ನೆಲ 'ಕಲ್ನಾಡು'. ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರಕಾರಿ ವಸ್ತುಸಂಗ್ರಹಾಲಯದಲ್ಲಿರುವ ಬೇಗೂರಿನ ಮತ್ತೊಂದು ಪ್ರಸಿದ್ಧ ಕಲ್ಲನ್ನು ನೋಡಿ. ಗಂಗರ ಅಧಿಕಾರಿ ನಾಗತ್ತರ ಯುದ್ಧದಲ್ಲಿ ಬಿದ್ದಾಗ ದೊರೆ ಎರೆಯಪ್ಪನು ನಾಗತ್ತರನ ಪಟ್ಟವನ್ನು ಇರುಗ ಎಂಬಾತನಿಗೆ ಕಟ್ಟಿ, ಬೇಗೂರು ಸೇರಿದಂತೆ ಹನ್ನೆರಡು ಹಳ್ಳಿಗಳನ್ನು ಕಲ್ನಾಡಾಗಿ ಕೊಟ್ಟನೆಂದು ಅದು ಹೇಳುತ್ತದೆ.

ಅದೇ ಸಂಗ್ರಹಾಲಯದಲ್ಲಿ ಮದ್ದೂರು ತಾಲ್ಲೂಕಿನ ಆತಕೂರಿನಿಂದ ತಂದ, ಸುಮಾರು ಕ್ರಿ.ಶ. 949ರ ಕಲ್ಲೊಂದಿದೆ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ, ಬೇಕಾದುದನ್ನು ಕೇಳು ಎಂದು ಅರಸನು ಹೇಳಿದಾಗ ಅವನು ಕೇಳಿದ್ದು 'ಕಾಳಿ' ಎಂಬ ಬೇಟೆನಾಯಿಯನ್ನು. ಆ ನಾಯಿ ಕಾಡುಹಂದಿಯೊಡನೆ ಹೋರಾಡಿ ಸತ್ತಾಗ ಅದಕ್ಕೂ ಕಲ್ಲು ನಿಂತಿತು, ದತ್ತಿಯೂ ಸಂದಿತು. ಮಣಲೇರನಿಗೆ ದೊರೆತ ಬಾಳ್ಗಳ್ಚಿನ ವಿವರವೂ ಅದೇ ಕಲ್ಲಿನಲ್ಲಿದೆ. ನಮ್ಮ ಪೂರ್ವಿಕರಿಗೆ ಒಂದು ಸತ್ಯ ತಿಳಿದಿತ್ತು. ಕಲ್ಲು ಕೀರ್ತಿಯನ್ನು ಉಳಿಸುತ್ತದೆ, ಒಲೆ ಉರಿಯುವಂತೆ ಮಾಡುವುದು ನೆಲ. ಸ್ಮರಣೆ ಎಂದರೆ ಈ ಎರಡೂ ಸೇರಿದ ಕರ್ತವ್ಯ.

ಹಾಗೆಂದು ಹಿಂದಿನ ಕಾಲವನ್ನು ಹೊಗಳಿ ಸುಮ್ಮನಾಗುವಂತಿಲ್ಲ. ವೀರಗಲ್ಲುಗಳ ಪಕ್ಕದಲ್ಲಿಯೇ ನಮ್ಮ ಹಳ್ಳಿಗಳಲ್ಲಿ ಮಾಸ್ತಿಕಲ್ಲುಗಳೂ ಇವೆ. ಕಂಬದಿಂದ ಹೊರಚಾಚಿ ಮೇಲೆತ್ತಿದ, ಬಳೆ ತೊಟ್ಟ ಕೈ. ಅದು ಗಂಡನ ಚಿತೆಯೇರಿದ ಹೆಂಡತಿಯ ಗುರುತು. ಸತ್ತ ಹೆಂಡತಿಗೆ ಕಲ್ಲು ದೊರೆಯಿತು. ಬದುಕಿ ಉಳಿದು, ಕೂಲಿ ಮಾಡಿ, ತಂದೆಯಿಲ್ಲದ ಮಕ್ಕಳನ್ನು ದೊಡ್ಡವರನ್ನಾಗಿಸಿದವಳಿಗೆ ಯಾವ ಕಲ್ಲೂ ನಿಲ್ಲಲಿಲ್ಲ. ಬದುಕುವುದು ಸಾಯುವುದಕ್ಕಿಂತ ಕಠಿಣ ಸೇವೆಯೆಂಬುದನ್ನು ಆ ಸಮಾಜ ಕಾಣದೆ ಹೋಯಿತು. ನಾವಾದರೂ ಕಂಡಿದ್ದೇವೆಯೇ ಎಂಬುದು ನಮ್ಮ ಮುಂದಿರುವ ಪ್ರಶ್ನೆ.

ಇಪ್ಪತ್ತನೆಯ ಶತಮಾನಕ್ಕೆ ಬರೋಣ. 1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾದಾಗ ಮೈಸೂರು ಸಂಸ್ಥಾನದ ಅಶ್ವದಳವಾದ ಮೈಸೂರು ಲ್ಯಾನ್ಸರ್ಸ್ ಸಮುದ್ರ ದಾಟಿ ಈಜಿಪ್ಟಿಗೆ ಹೋಯಿತು. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರೊಡನೆ ಕೂಡಿ ಅದು ಹೈಫಾ ನಗರವನ್ನು ಗೆದ್ದುಕೊಂಡಿತು. ಎದುರಿಗೆ ಫಿರಂಗಿ, ಮೆಷಿನ್ ಗನ್ನುಗಳು. ಇವರ ಕೈಯಲ್ಲಿ ಈಟಿ, ಕತ್ತಿ. ಪ್ರವಾದಿ ಎಲೀಯನ ಕಥೆಯಲ್ಲಿ ನಾವು ಓದುವ ಕರ್ಮೆಲ್ ಬೆಟ್ಟವನ್ನು ಅಂದು ಕನ್ನಡ ನಾಡಿನ ಕುದುರೆ ಸವಾರರು ಏರಿದರು. ಹೊಸದಿಲ್ಲಿಯಲ್ಲಿ 1922ರಲ್ಲಿ ಸ್ಥಾಪನೆಯಾದ ತೀನ್ ಮೂರ್ತಿ ಸ್ಮಾರಕದ ಮೂರು ಪ್ರತಿಮೆಗಳು ಹೈದರಾಬಾದ್, ಜೋಧಪುರ ಮತ್ತು ಮೈಸೂರು ಲ್ಯಾನ್ಸರ್ಸ್ ಯೋಧರನ್ನು ಪ್ರತಿನಿಧಿಸುತ್ತವೆ. 2018ರಲ್ಲಿ ಆ ವೃತ್ತಕ್ಕೆ ಹೈಫಾದ ಹೆಸರನ್ನೂ ಸೇರಿಸಲಾಯಿತು. ಬೆಂಗಳೂರಿನ ಜೆ.ಸಿ. ನಗರದಲ್ಲಿಯೂ ಮೈಸೂರು ಲ್ಯಾನ್ಸರ್ಸ್ ಸ್ಮಾರಕವಿದೆ. ಬ್ರಿಗೇಡ್ ರಸ್ತೆಯ ಕೂಡುರಸ್ತೆಯಲ್ಲಿ ನಿಂತಿರುವ ಯುದ್ಧಸ್ಮಾರಕದ ಪಕ್ಕದಲ್ಲಿ ದಿನವೂ ಸಾವಿರಾರು ಜನ ಹಾದುಹೋಗುತ್ತಾರೆ. ನಿಂತು ಓದುವವರು ಅಪರೂಪ.

ದೇವರ ವಾಕ್ಯವನ್ನು ಓದುವ ನಮಗೆ ಈ ವಿಷಯದಲ್ಲಿ ಒಂದು ಹಳೆಯ ಮಾದರಿಯಿದೆ. ನವೆಂಬರ್ ತಿಂಗಳಲ್ಲಿ ಮೃತರಿಗಾಗಿ ಪ್ರಾರ್ಥಿಸುವಾಗ ನಾವು ಸ್ಮರಿಸುವ ಎರಡನೆಯ ಮಕ್ಕಬಿಯರ ಗ್ರಂಥದ ಹನ್ನೆರಡನೆಯ ಅಧ್ಯಾಯ ಮೂಲತಃ ಸೈನಿಕರ ಕಥೆ. ರಣರಂಗದಲ್ಲಿ ಬಿದ್ದವರ ದೇಹಗಳನ್ನು ಅವರ ಪೂರ್ವಿಕರ ಸಮಾಧಿಗಳಲ್ಲಿ ಬಂಧುಗಳ ಜೊತೆಗಿಡಲು ಯೂದನೂ ಅವನ ಸಂಗಡಿಗರೂ ಹೋಗುತ್ತಾರೆ. ಸತ್ತವರ ಅಂಗಿಯೊಳಗೆ ವಿಗ್ರಹಗಳಿಗೆ ಸಂಬಂಧಿಸಿದ ನಿಷಿದ್ಧ ತಾಯಿತಗಳಿರುವುದು ಕಾಣುತ್ತದೆ. ಆದರೂ ಯೂದ ಅವರನ್ನು ಕೈಬಿಡಲಿಲ್ಲ. ಹಣ ಸಂಗ್ರಹಿಸಿ, ಅವರ ಪಾಪಪರಿಹಾರಕ್ಕಾಗಿ ಬಲಿಯರ್ಪಿಸಲು ಜೆರುಸಲೇಮಿಗೆ ಕಳುಹಿಸಿದ. ಯೋಧನನ್ನು ನೆನೆಯಲು ಅವನನ್ನು ಕಳಂಕವಿಲ್ಲದ ದೇವತೆಯನ್ನಾಗಿ ಮಾಡಬೇಕಿಲ್ಲವೆಂಬುದು ಇಲ್ಲಿಯ ಪಾಠ. ಅದೇ ಗ್ರಂಥದ ಎಂಟನೆಯ ಅಧ್ಯಾಯ ಇನ್ನೂ ಒಂದು ಹೆಜ್ಜೆ ಮುಂದಿಡುತ್ತದೆ. ಗೆದ್ದ ಸೈನ್ಯ ಕೊಳ್ಳೆಯ ಒಂದು ಪಾಲನ್ನು ಹಿಂಸೆಗೊಳಗಾದವರಿಗೂ ವಿಧವೆಯರಿಗೂ ಅನಾಥರಿಗೂ ಕೊಟ್ಟಿತು. ಆಮೇಲೆಯೇ ಉಳಿದುದನ್ನು ಹಂಚಿಕೊಂಡಿತು. ಪ್ರಾರ್ಥನೆ ಮತ್ತು ಪಾಲು ಎರಡೂ ಇದ್ದವು. ನಮ್ಮ ನೆತ್ತರುಗೊಡಗೆಯ ಹಿಂದಿದ್ದ ಭಾವನೆಯೂ ಇದಕ್ಕೆ ದೂರವಾದುದಲ್ಲ.

ಸ್ವತಂತ್ರ ಭಾರತದಲ್ಲಿ ಸೈನಿಕ ಧರ್ಮ ಮತ್ತು ತಂದೆತನ ಎದುರುಬದುರಾದ ಒಂದು ಪ್ರಸಂಗ ಕನ್ನಡಿಗರಿಗೆ ಚಿರಪರಿಚಿತ. 1899ರಲ್ಲಿ ಕೊಡಗಿನ ಶನಿವಾರಸಂತೆಯಲ್ಲಿ ಹುಟ್ಟಿದ ಕೆ.ಎಂ. ಕಾರಿಯಪ್ಪನವರು 1949ರ ಜನವರಿ 15ರಂದು ಭಾರತೀಯ ಸೇನೆಯ ಮೊದಲ ಭಾರತೀಯ ದಂಡನಾಯಕರಾದರು. ಅದೇ ದಿನವನ್ನು ಇಂದಿಗೂ ಸೇನಾ ದಿನವಾಗಿ ಆಚರಿಸಲಾಗುತ್ತದೆ. 1953ರಲ್ಲಿ ನಿವೃತ್ತರಾದ ಅವರು ಮುಂದೆ ಮಡಿಕೇರಿಯ 'ರೋಷನಾರಾ' ಮನೆಯಲ್ಲಿ ನೆಲೆಸಿದರು. ಚಿಕ್ಕಂದಿನಲ್ಲೇ ತಾಯಿಯನ್ನು ಕಳೆದುಕೊಂಡ ಅವರ ಒಬ್ಬನೇ ಮಗ ವಾಯುಪಡೆಯ ಪೈಲಟ್ ಆಗಿದ್ದರು. 1965ರ ಯುದ್ಧದ ಕೊನೆಯ ಘಟ್ಟದಲ್ಲಿ, ಸೆಪ್ಟೆಂಬರ್ 22ರಂದು, ಅವರ ವಿಮಾನ ಉರುಳಿ ಅವರು ಪಾಕಿಸ್ತಾನದ ಸೆರೆಯಾಳಾದರು. ಅಲ್ಲಿನ ಅಧ್ಯಕ್ಷ ಅಯೂಬ್ ಖಾನ್ ಅವಿಭಜಿತ ಭಾರತದ ಸೇನೆಯಲ್ಲಿ ಕಾರಿಯಪ್ಪನವರನ್ನು ಬಲ್ಲವರು. ಮಗನನ್ನು ಬಿಡುಗಡೆ ಮಾಡಲು ಸಿದ್ಧವೆಂಬ ಸೂಚನೆ ಬಂದಾಗ ತಂದೆ ಅದನ್ನು ಒಪ್ಪಲಿಲ್ಲ. ಸೆರೆಯಲ್ಲಿರುವ ಎಲ್ಲ ಭಾರತೀಯ ಯೋಧರೂ ತಮ್ಮ ಮಕ್ಕಳೇ, ಬಿಡುವುದಾದರೆ ಎಲ್ಲರನ್ನೂ ಬಿಡಿ ಎಂಬುದು ಅವರ ಉತ್ತರದ ಸಾರ. ಮಗ ಮರಳಿದ್ದು 1966ರ ಜನವರಿಯಲ್ಲಿ, ಇತರರೊಡನೆ. ಮುಂದೆ ಅವರು ಏರ್ ಮಾರ್ಷಲ್ ಪದವಿಗೇರಿದರು.

ಈ ಪ್ರಸಂಗವನ್ನು ನಾವು ನಿಷ್ಠುರತೆಯ ದೃಷ್ಟಾಂತವಾಗಿ ಹೇಳುತ್ತೇವೆ. ಅದು ಪೂರ್ಣ ಸತ್ಯವಲ್ಲ. ಆ ತಂದೆ ತನ್ನ ಮನೆಯ ಗೋಡೆಯನ್ನು ಹಿಗ್ಗಿಸಿ, ಹೆಸರೇ ತಿಳಿಯದ ಜವಾನರ ತಾಯಂದಿರನ್ನೂ ಅದರೊಳಕ್ಕೆ ಕರೆದುಕೊಂಡರು. ಕಾರಿಯಪ್ಪನವರು 1964ರಲ್ಲಿ ಮಾಜಿ ಸೈನಿಕರ ಸಂಘವನ್ನು ಕಟ್ಟಿದ್ದೂ ಇದೇ ಮನಸ್ಸಿನಿಂದ. 1986ರಲ್ಲಿ ಫೀಲ್ಡ್ ಮಾರ್ಷಲ್ ಗೌರವ ಪಡೆದ ಅವರು 1993ರ ಮೇ 15ರಂದು ಬೆಂಗಳೂರಿನಲ್ಲಿ ನಿಧನರಾದರು.

ಅವರ ಮಾತು ಹಾಗಿರಲಿ, ಹೆಸರು ಪತ್ರಿಕೆಗಳಲ್ಲಿ ಬಾರದ ಯೋಧರ ಮನೆಗಳನ್ನು ನೋಡಿ. ಹದಿನೈದು ವರ್ಷಗಳ ಸೇವೆಯಿಂದ ಪಿಂಚಣಿಗೆ ಅರ್ಹನಾಗುವ ಜವಾನ ಬಹುಪಾಲು ನಲವತ್ತರ ಆಸುಪಾಸಿನಲ್ಲೇ ಮನೆಗೆ ಮರಳುತ್ತಾನೆ. ರಜೆಯಲ್ಲಿ ಬಂದುಹೋಗುವ ಅತಿಥಿಯಂತಿದ್ದ ತಂದೆ ಒಂದು ದಿನ ಪೆಟ್ಟಿಗೆಯೊಡನೆ ಬಂದು ಉಳಿದುಬಿಡುತ್ತಾನೆ. ತಾಯಿಯ ಶಿಸ್ತಿಗೆ ಒಗ್ಗಿದ ಮಕ್ಕಳಿಗೆ ಬ್ಯಾರಕ್ಕಿನ ಶಿಸ್ತು ಹೊಸದು. ಹತ್ತಾರು ಜನರಿಗೆ ಆಜ್ಞೆ ಕೊಟ್ಟವನು ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಕಾವಲಿಗೆ ನಿಲ್ಲುತ್ತಾನೆ. ಇಂಥ ಯೋಧರ ಬಳಿ ಕುಳಿತವರಿಗೆ ಗೊತ್ತು: ಅವರು ಗುಂಡಿನ ಕಾಳಗದ ಮಾತನ್ನು ಬೇಗ ಮುಗಿಸುತ್ತಾರೆ, ಮಗಳು ಮೊದಲು ನಡೆದದ್ದನ್ನು ನೋಡಲಾಗಲಿಲ್ಲ, ತಾಯಿಯ ಮಣ್ಣಿಗೆ ಬರಲಾಗಲಿಲ್ಲ ಎಂಬ ಮಾತು ಮಾತ್ರ ಮತ್ತೆ ಮತ್ತೆ ಬರುತ್ತದೆ.

ಮರಳಿ ಬಾರದವರ ಮನೆಗಳೂ ಇವೆ. 2007ರ ಜುಲೈ 31ರಂದು ಕಾಶ್ಮೀರದ ಉರಿ ವಲಯದಲ್ಲಿ ಹುತಾತ್ಮರಾದ ಕರ್ನಲ್ ವಸಂತ್ ವೇಣುಗೋಪಾಲ್ ಅವರಿಗೆ ಮರಣೋತ್ತರ ಅಶೋಕ ಚಕ್ರ ಸಂದಿತು. ಅವರ ಪತ್ನಿ, ನೃತ್ಯ ಕಲಾವಿದೆ ಸುಭಾಷಿಣಿ ವಸಂತ್, ದುಃಖವನ್ನು ಮನೆಯೊಳಗೆ ಮುಚ್ಚಿಡದೆ ಬೆಂಗಳೂರಿನಲ್ಲಿ 'ವಸಂತರತ್ನ' ಪ್ರತಿಷ್ಠಾನವನ್ನು ಆರಂಭಿಸಿ, ಹುತಾತ್ಮ ಸೈನಿಕರ ಪತ್ನಿಯರಿಗೂ ಮಕ್ಕಳಿಗೂ ಆಸರೆಯಾದರು. 2016ರ ಫೆಬ್ರವರಿಯಲ್ಲಿ ಸಿಯಾಚಿನ್ ಹಿಮಪಾತದಡಿ ಆರು ದಿನ ಜೀವ ಹಿಡಿದಿದ್ದ ಧಾರವಾಡ ಜಿಲ್ಲೆ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರಿಗಾಗಿ ದೇಶವೇ ಪ್ರಾರ್ಥಿಸಿತು. ಫೆಬ್ರವರಿ 11ರಂದು ಅವರು ತೀರಿಕೊಂಡರು. ದೇಶ ಪ್ರಾರ್ಥಿಸಿದ್ದು ಕೆಲವೇ ದಿನ; ಆ ಮನೆಯ ವರ್ಷಗಳು ಅನಂತರ ಆರಂಭವಾದವು.

ಈಗ ಬೆಂಗಳೂರಿನ ರಾಷ್ಟ್ರೀಯ ಸೈನಿಕ ಸ್ಮಾರಕದಲ್ಲಿ ಬೃಹತ್ ವೀರಗಲ್ಲು ನಿಂತಿದೆ. ಹಳೆಯ ಸಂಪ್ರದಾಯದ ಅರ್ಧ ಭಾಗವನ್ನು ನಾವು ಉಳಿಸಿಕೊಂಡಂತಾಯಿತು. ಉಳಿದರ್ಧಕ್ಕೆ ಸರಕಾರದ ಕುಟುಂಬ ಪಿಂಚಣಿ ಇದೆ, 2003ರಲ್ಲಿ ಆರಂಭವಾದ ಮಾಜಿ ಸೈನಿಕರ ಆರೋಗ್ಯ ಯೋಜನೆ ಇದೆ, ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆ ಇದೆ. ಇವು ದಯೆಯಲ್ಲ, ಹಕ್ಕು, ಇಂದಿನ ನೆತ್ತರುಗೊಡಗೆ. ಆದರೆ ಸೇವಾ ದಾಖಲೆಯಲ್ಲಿ ಪತ್ನಿಯ ಹೆಸರು ಒಂದು ಬಗೆ, ಆಧಾರ್ ಚೀಟಿಯಲ್ಲಿ ಇನ್ನೊಂದು ಬಗೆ ಇದ್ದರೆ ವಯಸ್ಸಾದ ಆ ತಾಯಿಯ ಅಲೆದಾಟ ಆರಂಭವಾಗುತ್ತದೆ. ಅರ್ಜಿ ಬರೆಯಬಲ್ಲ, ಕಂಪ್ಯೂಟರ್ ಬಲ್ಲ ಯುವಕ ಯುವತಿಯರು ನಮ್ಮ ಪ್ರತಿ ಧರ್ಮಕೇಂದ್ರದಲ್ಲಿಯೂ ಇದ್ದಾರೆ. ಗಂಡ ಬದುಕಿರುವಾಗಲೇ ಆ ದಾಖಲೆಗಳನ್ನು ಸರಿಪಡಿಸಿಕೊಡುವುದು ಒಂದು ಮಧ್ಯಾಹ್ನದ ಕೆಲಸದಿಂದ ಶುರುವಾಗಬಹುದಾದ ದೊಡ್ಡ ಉಪಕಾರ.

2022ರಲ್ಲಿ ಆರಂಭವಾದ ಅಗ್ನಿಪಥ ಯೋಜನೆಯಲ್ಲಿ ಸೇರಿದವರ ಸೇವೆ ನಾಲ್ಕು ವರ್ಷ. ಅವರಲ್ಲಿ ಶೇಕಡ 25ರವರೆಗೆ ಮಾತ್ರ ಸೇನೆಯಲ್ಲಿ ಮುಂದುವರಿಯುವ ಅವಕಾಶ. ಹೀಗಾಗಿ ಸೇನೆಯಿಂದ ಮರಳಿದವರೆಂದರೆ ನರೆಗೂದಲಿನವರೇ ಎಂಬ ಕಲ್ಪನೆ ಇನ್ನು ಸಲ್ಲದು. ಇಪ್ಪತ್ತೈದು ತುಂಬದ ತರುಣನೂ ಸೇವೆ ಮುಗಿಸಿ ನಮ್ಮ ಬೀದಿಗೆ ಬರುತ್ತಾನೆ. ಅವನಿಗೆ ಕೆಲಸ, ಸಂಗಾತ, ಕೇಳುವ ಕಿವಿ ಬೇಕು.

1949ರಿಂದ ಪ್ರತಿವರ್ಷ ಡಿಸೆಂಬರ್ 7ರಂದು ಸಶಸ್ತ್ರ ಪಡೆಗಳ ಧ್ವಜ ದಿನ ಬರುತ್ತದೆ. ಆ ಪುಟ್ಟ ಧ್ವಜವನ್ನು ಕೊಂಡು ಅಂಗಿಗೆ ಸಿಕ್ಕಿಸಿಕೊಳ್ಳಿರಿ. ಅಷ್ಟಕ್ಕೇ ನಿಲ್ಲದೆ ಆ ಸಂಜೆ ಮಕ್ಕಳನ್ನು ಕರೆದುಕೊಂಡು ಒಬ್ಬ ಯೋಧರ ಮನೆಗೆ ಹೋಗಿರಿ. ಅವರ ಪದಕಗಳ ಕತೆ ಕೇಳಿರಿ, ಬಳಿಕ ಅಡುಗೆಮನೆಯಿಂದ ಕಾಫಿ ತರುವ ಆ ತಾಯಿಯನ್ನೂ ಕೂರಿಸಿಕೊಂಡು, "ಅಮ್ಮಾ, ಆ ವರ್ಷಗಳನ್ನು ನೀವು ಹೇಗೆ ಕಳೆದಿರಿ?" ಎಂದು ಕೇಳಿರಿ. ಅವರು ಹೇಳುವುದನ್ನು ಮಕ್ಕಳು ಒಂದು ಪುಸ್ತಕದಲ್ಲಿ ಬರೆದಿಡಲಿ. ಯಾವ ವೀರಗಲ್ಲಿನಲ್ಲೂ ಇಲ್ಲದ ಶಾಸನ ಅದಾದೀತು.