ಶನಿವಾರ ಮೆತ್ತಗೆ, ಸೋಮವಾರ ಗಟ್ಟಿ

ಕಳೆದ ಮಳೆಗಾಲದಲ್ಲಿ ನಮ್ಮ ಮನೆ ಬಾಲ್ಕನಿಯ ಅಂಚಿನಿಂದ ನೀರು ಗೋಡೆಗೆ ಇಳಿದು ಅಪ್ಪನ ಪುಸ್ತಕದ ಕಪಾಟಿನ ಹಿಂಬದಿ ಪೂರ್ತಿ ಒದ್ದೆಯಾಯಿತು. ಹನ್ನೆರಡು ಪುಸ್ತಕ ಹೋದವು. ಅಪ್ಪ ಏನೂ ಅನ್ನಲಿಲ್ಲ, ಅದೇ ಕಷ್ಟ.

ಅಂಚಿಗೆ ಅಲ್ಯೂಮಿನಿಯಂ ಪಟ್ಟಿ ಕೂರಿಸಿ ಕೆಳತುದಿಯನ್ನು ಹೊರಕ್ಕೆ ಮಡಿಸಿದರೆ ನೀರು ಗೋಡೆ ಬಿಟ್ಟು ತೊಟ್ಟಿಕ್ಕುತ್ತೆ ಅಂದರು ಒಬ್ಬರು. ರೆಡಿಮೇಡ್ ಪಟ್ಟಿ ಯಾವುದೂ ನಮ್ಮ ಅಳತೆಗೆ ಕೂರಲಿಲ್ಲ. ಸರಿ ಅಂತ, ಹಾಳೆ ಮಡಿಸಿಕೊಡುವ ಒಂದು ಸಣ್ಣ ಶಾಪ್ ಹುಡುಕಿಕೊಂಡು ಪೀಣ್ಯಕ್ಕೆ ಹೋದೆ. ಕೈಯಲ್ಲಿ ನಾನೇ ಕೊಂಡಿದ್ದ 2 ಮಿ.ಮೀ. ಹಾಳೆ. "ಇರೋದ್ರಲ್ಲಿ ಗಟ್ಟಿಯಾದ್ದೇ ಕೊಡಿ" ಅಂತ ಕೇಳಿ ತಂದದ್ದು :-)

ಮೇಸ್ತ್ರಿ ಅದರ ಮೇಲಿನ ಅಕ್ಷರ ಓದಿ ನಕ್ಕರು. "ಇದು 6061 ಟಿ6 ಸಾರ್. ನೀವು ಬರೆದಿರೋ ಹಂಗೆ ಚೂಪಾಗಿ ಮಡಿಸಿದ್ರೆ ಸೀಳುತ್ತೆ." ನನಗೆ ನಂಬಿಕೆ ಬರಲಿಲ್ಲ. ಒಂದು ತುಂಡು ಕತ್ತರಿಸಿ ಪ್ರೆಸ್ ಬ್ರೇಕ್‌ಗೆ ಕೊಟ್ಟು ತೋರಿಸಿದರು. ಮಡಿಕೆಯ ಹೊರಮೈಯಲ್ಲಿ ಉದ್ದಕ್ಕೂ ಬಿರುಕು. ಗಟ್ಟಿ ಲೋಹ ಒಳ್ಳೇದಲ್ವಾ, ಯಾಕೆ ಹೀಗೆ ಅಂತ ಮನೆಗೆ ಬಂದು ಓದುತ್ತಾ ಕೂತೆ. ಓದು ನನ್ನನ್ನು ನೂರು ವರ್ಷಕ್ಕೂ ಹಿಂದೆ, ಬರ್ಲಿನ್ ಪಕ್ಕಕ್ಕೆ ಕರೆದುಕೊಂಡು ಹೋಯಿತು.

ಅದಕ್ಕೆ ಮುಂಚಿನದ್ದು ಚುಟುಕಾಗಿ. 1884ರಲ್ಲಿ ವಾಷಿಂಗ್ಟನ್ ಸ್ಮಾರಕದ ತುದಿಗೆ ಅಲ್ಯೂಮಿನಿಯಂ ಕಳಶ ಇಟ್ಟಾಗ ಆ ಲೋಹ ಬೆಳ್ಳಿಯ ಬೆಲೆಯ ಆಸುಪಾಸಿನಲ್ಲಿತ್ತು. 1886ರಲ್ಲಿ ಅಮೆರಿಕದ ಹಾಲ್ ಮತ್ತು ಫ್ರಾನ್ಸಿನ ಎರೂ, ಒಬ್ಬರಿಗೊಬ್ಬರು ಗೊತ್ತಿಲ್ಲದೆ, ವಿದ್ಯುತ್ತಿನಿಂದ ಅದನ್ನು ತೆಗೆಯುವ ದಾರಿ ಕಂಡುಹಿಡಿದರು. (ಇಬ್ಬರೂ ಹುಟ್ಟಿದ್ದು 1863ರಲ್ಲಿ, ತೀರಿಕೊಂಡದ್ದು 1914ರಲ್ಲಿ. ಜಾತಕ ನೋಡುವವರಿಗೆ ಒಳ್ಳೆ ಕೆಲಸ!) ಬೆಲೆ ಇಳಿಯಿತು. ಆದರೆ ಶುದ್ಧ ಅಲ್ಯೂಮಿನಿಯಂ ಮೆತ್ತಗೆ, ಬೇಕಾದ ಹಾಗೆ ಮಡಿಸಬಹುದು, ಭಾರ ಮಾತ್ರ ಹೊರುವುದಿಲ್ಲ.

ಆಲ್ಫ್ರೆಡ್ ವಿಲ್ಮ್ ಎಂಬ ಜರ್ಮನ್ ಲೋಹವಿಜ್ಞಾನಿಗೆ ತೋಟಾದ ಹಿತ್ತಾಳೆ ಕೋಶಕ್ಕೆ ಬದಲಿ ಹುಡುಕುವ ಕೆಲಸ ಬಂದಿತ್ತು. ಉಕ್ಕನ್ನು ಕಾಯಿಸಿ ನೀರಿಗೆ ಅದ್ದಿದರೆ ಗಡುಸಾಗುತ್ತಲ್ಲ, ಅದನ್ನೇ ಅಲ್ಯೂಮಿನಿಯಂ ಮೇಲೂ ಮಾಡಿ ನೋಡಿದ. ಸುಮಾರು 4% ತಾಮ್ರ, ಚೂರು ಮೆಗ್ನೀಸಿಯಂ ಬೆರೆಸಿ, 500 ಡಿಗ್ರಿ ಸುತ್ತ ಕಾಯಿಸಿ ಅದ್ದಿದ. ಪುಸ್ತಕಗಳಲ್ಲಿ ಬರುವ ಕತೆ ಹೀಗೆ: 1906ರ ಒಂದು ಶನಿವಾರ ಅಳೆದಾಗ ವಿಶೇಷವೇನೂ ಇರಲಿಲ್ಲ. ಸೋಮವಾರ ಬಂದು ಉಳಿದದ್ದನ್ನು ಅಳೆದರೆ ಅದೇ ಲೋಹ ಎಷ್ಟೋ ಗಟ್ಟಿ! ಮಧ್ಯೆ ಯಾರೂ ಮುಟ್ಟಿರಲಿಲ್ಲ. ಇಡ್ಲಿ ಹಿಟ್ಟು ರಾತ್ರಿ ತಾನಾಗಿ ಉಬ್ಬುವ ಹಾಗೆ ಲೋಹ ತಾನಾಗಿ ಬಲಿತಿತ್ತು. ಡ್ಯೂರೆನ್ ಊರಿನ ಕಾರ್ಖಾನೆ ಅದನ್ನು ತಯಾರಿಸಿದ್ದರಿಂದ ಡ್ಯೂರಾಲ್ಯುಮಿನ್ ಎಂಬ ಹೆಸರು ಬಂತು. ತಮಾಷೆಯೆಂದರೆ, ಹೀಗೇಕೆ ಆಗುತ್ತದೆ ಅಂತ ವಿಲ್ಮ್‌ಗೆ ಗೊತ್ತಿರಲಿಲ್ಲ. ತಾಮ್ರದ ಅಣುಗಳು ಒಳಗೊಳಗೇ ಗುಂಪುಗೂಡಿ ಲೋಹದ ಪದರಗಳು ಜಾರದಂತೆ ತಡೆಯುತ್ತವೆ. ಇದನ್ನು 1938ರಲ್ಲಿ ಫ್ರಾನ್ಸಿನ ಗಿನಿಯೇ, ಇಂಗ್ಲೆಂಡಿನ ಪ್ರೆಸ್ಟನ್ ಬೇರೆಬೇರೆಯಾಗಿ ಎಕ್ಸ್-ರೇ ಹಿಡಿದು ತೋರಿಸಿದರು. ವಿಲ್ಮ್ ಅಷ್ಟರಲ್ಲಿ, 1937ರಲ್ಲೇ, ತೀರಿಕೊಂಡಿದ್ದ.

ನನ್ನ ಬಿರುಕಿಗೆ ಉತ್ತರ ಇಲ್ಲೇ ಇದೆ. ಮಡಿಸುವಾಗ ಹೊರಮೈ ಹಿಗ್ಗಲೇಬೇಕು. ಪದರಗಳು ಜಾರಿದರೆ ತಾನೇ ಹಿಗ್ಗುವುದು? ಜಾರದಂತೆ ಕಟ್ಟಿಹಾಕಿದ್ದನ್ನೇ ನಾವು ಗಟ್ಟಿತನ ಅನ್ನುತ್ತೇವೆ. ವಿಮಾನ ಕಟ್ಟುವವರು ಇದಕ್ಕೆ ಉಪಾಯ ಕಂಡುಕೊಂಡರು: ಅದ್ದಿದ ಕೂಡಲೇ, ಗಟ್ಟಿಯಾಗುವ ಮುಂಚೆ, ಗಂಟೆ ಒಪ್ಪತ್ತಿನಲ್ಲಿ ಹಾಳೆ ಮಡಿಸಿ ಮುಗಿಸಬೇಕು. ತಣ್ಣಗಿಟ್ಟರೆ ಗಟ್ಟಿಯಾಗುವುದು ತಡವಾಗುತ್ತದೆ. ಅದಕ್ಕೇ ಡ್ಯೂರಾಲ್ಯುಮಿನ್ ರಿವೆಟ್ಟುಗಳನ್ನು ಐಸ್ ಪೆಟ್ಟಿಗೆಯಲ್ಲಿಟ್ಟು ಬೇಕಾದಷ್ಟೇ ತೆಗೆದು ಬಡಿಯುತ್ತಿದ್ದರು.

ನಮ್ಮ ಬೆಂಗಳೂರಿಗೆ ಈ ವಿದ್ಯೆ ದೊಡ್ಡದಾಗಿ ಬಂದದ್ದು ವಿಮಾನದ ಜೊತೆಗೇ. 1940ರ ಡಿಸೆಂಬರಿನಲ್ಲಿ ಮೈಸೂರು ಸಂಸ್ಥಾನದ ಬೆಂಬಲದಿಂದ ವಾಲ್‌ಚಂದ್ ಹೀರಾಚಂದ್ ಇಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಶುರುಮಾಡಿದರು. 1951ರ ಆಗಸ್ಟಿನಲ್ಲಿ ಘಾಟ್ಗೆಯವರ ತಂಡದ ಎಚ್‌ಟಿ-2 ಹಾರಿತು. ನಮ್ಮ ಮೇಸ್ತ್ರಿಗೆ ಕೆಲಸ ಕಲಿಸಿದವರು ಅದೇ ಕಾರ್ಖಾನೆಯಿಂದ ರಿಟೈರ್ ಆಗಿ ಬಂದವರಂತೆ. "ಮಡಿಸೋ ಗೆರೆನ ಮೊಳೆಯಲ್ಲಿ ಗೀಚಿದ್ರೆ ಬಯ್ಯೋರು ಸಾರ್, ಗೀರಿಂದಾನೇ ಸೀಳು ಶುರು ಆಗೋದು ಅಂತ." ಇವರು ಇವತ್ತಿಗೂ ಸ್ಕೆಚ್ ಪೆನ್ನಿನಲ್ಲೇ ಗೆರೆ ಎಳೆಯುತ್ತಾರೆ.

ಎರಡನೇ ಸಲ ಹೋದಾಗ ಆರ್ಡರ್ ಸರಿಯಾಗಿ ಕೊಟ್ಟೆ. ಹಾಳೆ 5052 ಎಚ್32. ಇದರದ್ದು ಕಾಯಿಸಿ ಬರಿಸಿದ ಗಟ್ಟಿತನವಲ್ಲ, ಮೆಗ್ನೀಸಿಯಂ ಬೆರಕೆಯಿಂದ, ತಣ್ಣಗೆ ರೋಲ್ ಮಾಡಿದ್ದರಿಂದ ಬಂದದ್ದು. ಒಳತಿರುವಿನ ರೇಡಿಯಸ್ ಹಾಳೆಯ ದಪ್ಪದಷ್ಟೇ ಇದ್ದರೂ ತಡೆಯುತ್ತದೆ. ಟಿ6ಗೆ ದಪ್ಪದ ಎರಡು ಮೂರು ಪಟ್ಟಾದರೂ ಬೇಕಿತ್ತು. ಮರಕ್ಕೆ ನಾರಿರುವ ಹಾಗೆ ಹಾಳೆಗೂ ರೋಲ್ ಆದ ದಿಕ್ಕಿದೆ, ಮಡಿಕೆ ಅದಕ್ಕೆ ಅಡ್ಡಡ್ಡ ಬಂದರೆ ಕ್ಷೇಮ.

ಇನ್ನೊಂದು ಪೆಟ್ಟು ತಪ್ಪಿಸಿದ್ದೂ ಮೇಸ್ತ್ರಿಯೇ. ಹೊರ ಅಳತೆ 50 ಮತ್ತು 50 ಇರುವ ಎಲ್ ಆಕಾರಕ್ಕೆ 100 ಮಿ.ಮೀ. ಅಗಲ ಕತ್ತರಿಸಬೇಕು ಅಂದುಕೊಂಡಿದ್ದೆ. ಲೋಹ ಮೂಲೆಯಲ್ಲಿ ಸುತ್ತಿಕೊಂಡು ಹೋಗುವುದರಿಂದ ಬೇಕಾದದ್ದು ಸುಮಾರು 96.5 ಮಾತ್ರ. "ಹೊರ ಅಳತೆನಾ ಒಳ ಅಳತೆನಾ, ಅದನ್ನ ಮೊದಲು ಬರೀರಿ ಸಾರ್" ಅಂದರು.

ಪಟ್ಟಿ ಕೂರಿಸಿಯಾಯಿತು. ಮೊನ್ನೆಯ ಮಳೆಗೆ ಗೋಡೆ ಒಣಗಿಯೇ ಇತ್ತು. ಅಪ್ಪ ಮೂರು ಸಲ ಕಪಾಟಿನ ಹಿಂದೆ ಕೈಹಾಕಿ ನೋಡಿದರು. ಸೀಳಿದ ತುಂಡು ಈಗ ನನ್ನ ಮೇಜಿನ ಮೇಲೆ ಪೇಪರ್‌ವೆಯ್ಟ್.

ನಿಮ್ಮ ಮನೆಗಳಲ್ಲಿ ಎಚ್‌ಎಎಲ್‌ನ ಹಳಬರಿದ್ದರೆ ಈ ಐಸ್ ಪೆಟ್ಟಿಗೆ ರಿವೆಟ್ಟಿನ ಬಗ್ಗೆ ಕೇಳಿ, ಬರೆದು ತಿಳಿಸ್ತೀರಾ?