ಎಚ್‌ವಿಡಿಸಿ ಪರಿವರ್ತಕಗಳ ನೈಜ ಸಮಯದ ಅನುಕರಣೆ

ಎಚ್‌ವಿಡಿಸಿ ಎಂದು ಕರೆಯಲ್ಪಡುವ ಅಧಿಕ ವೋಲ್ಟೇಜಿನ ನೇರ ವಿದ್ಯುತ್ ಪ್ರಸರಣದಲ್ಲಿ ಪರ್ಯಾಯ ವಿದ್ಯುತ್ತನ್ನು ನೇರ ವಿದ್ಯುತ್ತಾಗಿಯೂ ನೇರ ವಿದ್ಯುತ್ತನ್ನು ಪರ್ಯಾಯ ವಿದ್ಯುತ್ತಾಗಿಯೂ ಬದಲಿಸುವ ಸಾಧನವೇ ಪರಿವರ್ತಕ. ಅದರ ವರ್ತನೆಯನ್ನು ನಿಜವಾದ ವೇಗದಲ್ಲಿಯೇ ಗಣಕಯಂತ್ರದಲ್ಲಿ ಮರುಸೃಷ್ಟಿಸುವ ವಿಧಾನಕ್ಕೆ ನೈಜ ಸಮಯದ ಅನುಕರಣೆ ಎಂದು ಹೆಸರು.

ಇದರ ಅಗತ್ಯವನ್ನು ಕೋಲಾರದ ಉದಾಹರಣೆಯಿಂದ ತಿಳಿಯಬಹುದು. ಒಡಿಶಾದ ತಾಲ್ಚೇರ್‌ನಿಂದ ಕೋಲಾರಕ್ಕೆ ಬರುವ ±500 ಕಿಲೋವೋಲ್ಟ್ ಮಾರ್ಗವು 2003ರಲ್ಲಿ 2,000 ಮೆಗಾವ್ಯಾಟ್ ಸಾಮರ್ಥ್ಯದೊಂದಿಗೆ ಕಾರ್ಯಾರಂಭ ಮಾಡಿತು. ಬಳಿಕ ಅದನ್ನು 2,500ಕ್ಕೆ ಏರಿಸಲಾಯಿತು. ಕೋಲಾರದ ಪರಿವರ್ತಕವು ನೇರ ವಿದ್ಯುತ್ತನ್ನು ಮತ್ತೆ ಪರ್ಯಾಯ ವಿದ್ಯುತ್ತಾಗಿಸುತ್ತದೆ. ಅಲ್ಲಿನ ಪರ್ಯಾಯ ವೋಲ್ಟೇಜು ಹಠಾತ್ತನೆ ಕುಸಿದರೆ, ಪ್ರವಾಹವನ್ನು ಸರದಿಯಂತೆ ಹಾಯಿಸುವ ಥೈರಿಸ್ಟರುಗಳು ಸಕಾಲದಲ್ಲಿ ಆರದೆ, ವಿದ್ಯುತ್ ರವಾನೆ ಕ್ಷಣಕಾಲ ನಿಂತೇಹೋಗಬಹುದು. ಇಂತಹ ದೋಷವನ್ನು ದಕ್ಷಿಣದ ಜಾಲವನ್ನೇ ಪಣಕ್ಕಿಟ್ಟು ಪರೀಕ್ಷಿಸಲಾಗದು. ಆದ್ದರಿಂದ ನಿಯಂತ್ರಕವನ್ನು ಮಾತ್ರ ನಿಜವಾದದ್ದಾಗಿಟ್ಟು, ಮಾರ್ಗ, ಟ್ರಾನ್ಸ್‌ಫಾರ್ಮರ್, ಥೈರಿಸ್ಟರುಗಳೆಲ್ಲವನ್ನೂ ಗಣಕದಲ್ಲಿ ರೂಪಿಸುತ್ತಾರೆ.

ಕಾಲದ ಲೆಕ್ಕವೇ ಇಲ್ಲಿನ ಕಠಿಣ ಭಾಗ. 50 ಹರ್ಟ್ಸ್ ವಿದ್ಯುತ್ತಿನ ಒಂದು ಆವರ್ತಕ್ಕೆ 20 ಮಿಲಿಸೆಕೆಂಡು. ಅದನ್ನು 360 ಡಿಗ್ರಿಗಳಾಗಿ ಹಂಚಿದರೆ ಒಂದು ಡಿಗ್ರಿಗೆ ಸುಮಾರು 56 ಮೈಕ್ರೊಸೆಕೆಂಡು. ಗಣಕವು ಸಾಮಾನ್ಯವಾಗಿ 50 ಮೈಕ್ರೊಸೆಕೆಂಡಿಗೊಮ್ಮೆ ಇಡೀ ಜಾಲದ ಸಮೀಕರಣಗಳನ್ನು ಬಿಡಿಸಿ ಮುಗಿಸಬೇಕು. ತಡವಾದರೆ ಪರೀಕ್ಷೆಗೆ ಅರ್ಥವಿಲ್ಲ. ಥೈರಿಸ್ಟರನ್ನು ಚಾಲೂ ಮಾಡುವ ಸಂಕೇತವು ಎರಡು ಲೆಕ್ಕಗಳ ನಡುವೆ ಬಂದರೆ ಒಂದು ಡಿಗ್ರಿಗೆ ಸಮೀಪದ ತಪ್ಪು ನುಸುಳಬಹುದು. ಹಾಗಾಗಿ ಸಂಕೇತದ ನಿಖರ ಕ್ಷಣವನ್ನು ಗುರುತಿಸಿ ಫಲಿತಾಂಶವನ್ನು ತಿದ್ದಲಾಗುತ್ತದೆ. ಐಜಿಬಿಟಿ ಬಳಸುವ ಹೊಸ ಪರಿವರ್ತಕಗಳಿಗೆ ಕೆಲವೇ ಮೈಕ್ರೊಸೆಕೆಂಡುಗಳ ಅಂತರ ಬೇಕಾಗುತ್ತದೆ.

ಬೆಂಗಳೂರಿನ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಯಲ್ಲಿ ಇಂತಹ ಡಿಜಿಟಲ್ ಅನುಕರಣ ವ್ಯವಸ್ಥೆಯಿದೆ.