ಮತದಾನ ಪ್ರಮಾಣ ಮತ್ತು ರಾಜಕೀಯ ಪಾಲ್ಗೊಳ್ಳುವಿಕೆಯ ಅಸಮಾನತೆ

ಚುನಾವಣೆಯಲ್ಲಿ ಎಷ್ಟು ಜನ ಮತ ಹಾಕಿದರು, ಹಾಕಿದವರು ಯಾರು, ಹಾಕದೆ ಉಳಿದವರು ಯಾರು ಎಂಬುದನ್ನು ಪರಿಶೀಲಿಸುವ ರಾಜ್ಯಶಾಸ್ತ್ರದ ಅಧ್ಯಯನ ಕ್ಷೇತ್ರ. ಮತದಾನ ಪ್ರಮಾಣ ಎಂದರೆ ಮತ ಹಾಕಿದವರು ಮತದಾರರಲ್ಲಿ ಶೇಕಡಾ ಎಷ್ಟು ಎಂಬ ಲೆಕ್ಕ. ಪಾಲ್ಗೊಳ್ಳುವಿಕೆಯ ಅಸಮಾನತೆ ಎಂದರೆ ವರ್ಗ, ಜಾತಿ, ಲಿಂಗ, ವಯಸ್ಸು, ಶಿಕ್ಷಣ ಮತ್ತು ವಾಸಸ್ಥಳಕ್ಕೆ ತಕ್ಕಂತೆ ಈ ಪ್ರಮಾಣದಲ್ಲಿ ಕಾಣುವ ವ್ಯತ್ಯಾಸ. ಇವೆರಡೂ ಒಂದೇ ಅಲ್ಲ. ಒಟ್ಟು ಪ್ರಮಾಣ ಏರುತ್ತಿರುವಾಗಲೂ ಒಂದು ಸಮುದಾಯ ಪೂರ್ತಿಯಾಗಿ ಹೊರಗೆ ಉಳಿದಿರಬಹುದು. ಯಾವುದೇ ಪ್ರಮಾಣವನ್ನು ಓದುವ ಮೊದಲು ಅದರ ಲೆಕ್ಕಕ್ಕೆ ಆಧಾರವಾದ ಪಟ್ಟಿಯಲ್ಲಿ ಯಾರಿದ್ದಾರೆ ಎಂದು ಕೇಳಬೇಕಾಗುತ್ತದೆ.

ಅಧ್ಯಯನದ ಆರಂಭ

ವ್ಯವಸ್ಥಿತ ಸಂಶೋಧನೆ 1920ರ ದಶಕದ ಶಿಕಾಗೊ ವಿಶ್ವವಿದ್ಯಾಲಯದಲ್ಲಿ ರೂಪ ಪಡೆಯಿತು. ಚಾರ್ಲ್ಸ್ ಮೆರಿಯಮ್ ಮತ್ತು ಹೆರಾಲ್ಡ್ ಗಾಸ್ನೆಲ್ ಆ ನಗರದ 1923ರ ಮೇಯರ್ ಚುನಾವಣೆಯಲ್ಲಿ ಮತ ಹಾಕದ ಸುಮಾರು 6,000 ಜನರನ್ನು ಮಾತನಾಡಿಸಿ ಕಾರಣಗಳನ್ನು ದಾಖಲಿಸಿದರು. ಮುಂದೆ ಗಾಸ್ನೆಲ್ ಒಂದು ಪ್ರಯೋಗವನ್ನೇ ನಡೆಸಿದರು. ಕೆಲವು ನಿವಾಸಿಗಳಿಗೆ ನೋಂದಣಿ ಮತ್ತು ಮತದಾನವನ್ನು ನೆನಪಿಸುವ ಪತ್ರಗಳನ್ನು ಕಳಿಸಿ, ಉಳಿದವರಿಗೆ ಕಳಿಸದೆ, ಎರಡೂ ಗುಂಪುಗಳನ್ನು ಹೋಲಿಸಿದರು. ವಲಸೆ ಬಂದು ನೆಲೆಸಿದವರಿಗಾಗಿ ಪತ್ರಗಳನ್ನು ಪೋಲಿಷ್, ಝೆಕ್, ಇಟಾಲಿಯನ್ ಭಾಷೆಗಳಲ್ಲೂ ಅಚ್ಚು ಹಾಕಿಸಲಾಗಿತ್ತು. ಪತ್ರ ಪಡೆದವರಲ್ಲಿ ಹೆಚ್ಚು ಮಂದಿ ಮತ ಹಾಕಿದರು. ರಾಜ್ಯಶಾಸ್ತ್ರದ ಮೊದಲ ಕ್ಷೇತ್ರ ಪ್ರಯೋಗಗಳಲ್ಲಿ ಇದನ್ನು ಎಣಿಸುತ್ತಾರೆ.

ಸ್ವೀಡನ್ನಿನ ಹೆರ್ಬರ್ಟ್ ಟಿಂಗ್‌ಸ್ಟೆನ್ 1937ರಲ್ಲಿ ಒಂದು ಸಾಮಾನ್ಯ ಸೂತ್ರ ಮಂಡಿಸಿದರು: ಒಟ್ಟು ಮತದಾನ ಪ್ರಮಾಣ ಇಳಿದಂತೆಲ್ಲ ವರ್ಗ ವರ್ಗಗಳ ನಡುವಿನ ಅಂತರ ಹಿಗ್ಗುತ್ತದೆ. ಆರೆಂಡ್ ಲೈಪಾರ್ಟ್ 1997ರಲ್ಲಿ ಪ್ರಕಟಿಸಿದ ಪ್ರಬಂಧ ಇದೇ ಎಳೆಯನ್ನು ಮುಂದುವರಿಸಿ, ಅಸಮ ಪಾಲ್ಗೊಳ್ಳುವಿಕೆಯನ್ನು ಪ್ರಜಾಪ್ರಭುತ್ವ ಇನ್ನೂ ಬಿಡಿಸದ ತೊಡಕೆಂದು ಕರೆದು, ಕಡ್ಡಾಯ ಮತದಾನದ ಪರ ವಾದಿಸಿತು.

ಸಿದ್ಧಾಂತಗಳು

ಆಂತೊನಿ ಡೌನ್ಸ್ 1957ರಲ್ಲಿ ಎತ್ತಿದ ಪ್ರಶ್ನೆ ಇಂದಿಗೂ ಚರ್ಚೆಯ ಕೇಂದ್ರದಲ್ಲಿದೆ. ಲಕ್ಷಾಂತರ ಮತಗಳ ನಡುವೆ ಒಂದು ಮತ ಫಲಿತಾಂಶವನ್ನು ಬದಲಿಸುವ ಸಂಭವ ತೀರಾ ಕಡಿಮೆ. ಮತ ಹಾಕಲು ಸಮಯ ಮತ್ತು ಶ್ರಮವಂತೂ ಬೇಕೇ ಬೇಕು. ಹೀಗಿದ್ದೂ ಜನ ಏಕೆ ಮತ ಹಾಕುತ್ತಾರೆ? ವಿಲಿಯಂ ರೈಕರ್ ಮತ್ತು ಪೀಟರ್ ಆರ್ಡೆಶೂಕ್ 1968ರಲ್ಲಿ ಈ ಲೆಕ್ಕಕ್ಕೆ ಕರ್ತವ್ಯಪ್ರಜ್ಞೆ ಕೊಡುವ ತೃಪ್ತಿಯನ್ನೂ ಸೇರಿಸಿದರು.

ಸಿಡ್ನಿ ವರ್ಬಾ, ಕೇ ಶ್ಲೋಜ್‌ಮನ್ ಮತ್ತು ಹೆನ್ರಿ ಬ್ರೇಡಿ ಅವರ 1995ರ ಗ್ರಂಥ ಅಮೆರಿಕದ ಅಸಮಾನತೆಯನ್ನು ಸಂಪನ್ಮೂಲಗಳ ಮೂಲಕ ವಿವರಿಸುತ್ತದೆ. ಬಿಡುವು, ಹಣ, ಸಭೆ ನಡೆಸುವ ಮತ್ತು ಅರ್ಜಿ ಬರೆಯುವ ಕೌಶಲ ಉಳ್ಳವರು ಹೆಚ್ಚು ಪಾಲ್ಗೊಳ್ಳುತ್ತಾರೆ. ಉಳಿದವರು ಹೊರಗಿರುವುದಕ್ಕೆ ಅಶಕ್ತತೆ, ನಿರಾಸಕ್ತಿ ಅಥವಾ ಯಾರೂ ಕರೆಯದೆ ಹೋದದ್ದು ಕಾರಣ.

ಅಳತೆಯ ಸಮಸ್ಯೆ

ಮತದಾನ ಪ್ರಮಾಣ ಒಂದು ಭಿನ್ನರಾಶಿ. ಮೇಲಿನ ಅಂಶ, ಅಂದರೆ ಬಿದ್ದ ಮತಗಳ ಎಣಿಕೆ, ಬಹುಮಟ್ಟಿಗೆ ನಿಖರ. ತೊಡಕಿರುವುದು ಕೆಳಗಿನ ಛೇದದಲ್ಲಿ. ಅಮೆರಿಕದಲ್ಲಿ 1970ರ ದಶಕದ ನಂತರ ಮತದಾನ ಕುಸಿಯುತ್ತಿದೆ ಎಂದು ದಶಕಗಳ ಕಾಲ ನಂಬಲಾಗಿತ್ತು. ಮೈಕೆಲ್ ಮ್ಯಾಕ್‌ಡೊನಾಲ್ಡ್ ಮತ್ತು ಸ್ಯಾಮ್ಯುಯೆಲ್ ಪಾಪ್ಕಿನ್ 2001ರಲ್ಲಿ ಛೇದವನ್ನೇ ಬಿಡಿಸಿ ನೋಡಿದರು. ಅಲ್ಲಿ ವಯಸ್ಕರೆಲ್ಲರನ್ನೂ ಎಣಿಸಲಾಗುತ್ತಿತ್ತು. ಆ ದೇಶದ ಪೌರರಲ್ಲದವರೂ ಶಿಕ್ಷೆಯಿಂದಾಗಿ ಹಕ್ಕು ಕಳೆದುಕೊಂಡವರೂ ಅದರಲ್ಲಿ ಸೇರಿದ್ದರು, ಅವರ ಸಂಖ್ಯೆ ಬೆಳೆಯುತ್ತಲೂ ಇತ್ತು. ಹಕ್ಕುಳ್ಳವರನ್ನಷ್ಟೇ ಎಣಿಸಿದಾಗ 1972ರ ನಂತರದ ಕುಸಿತ ಬಹುಪಾಲು ಮಾಯವಾಯಿತು.

ಭಾರತದಲ್ಲಿ ಛೇದವೆಂದರೆ ಮತದಾರರ ಪಟ್ಟಿ. ಇಲ್ಲಿ ತಪ್ಪು ಎರಡು ದಿಕ್ಕಿನಿಂದ ಬರುತ್ತದೆ. ತೀರಿಕೊಂಡವರ, ಮನೆ ಬದಲಿಸಿದವರ, ಎರಡು ಕಡೆ ದಾಖಲಾದವರ ಹೆಸರುಗಳು ಪಟ್ಟಿಯಲ್ಲಿ ಉಳಿದರೆ ಛೇದ ಉಬ್ಬಿ ಪ್ರಮಾಣ ನಿಜಕ್ಕಿಂತ ಕಡಿಮೆ ಕಾಣುತ್ತದೆ. ಅರ್ಹರ ಹೆಸರೇ ಸೇರದಿದ್ದರೆ ಛೇದ ಕುಗ್ಗಿ ಪ್ರಮಾಣ ಹೆಚ್ಚು ಕಾಣುತ್ತದೆ. ಒಂದು ಊರಿನಲ್ಲಿ 1,000 ಅರ್ಹ ವಯಸ್ಕರಿದ್ದು, 900 ಹೆಸರು ಪಟ್ಟಿಯಲ್ಲಿದ್ದು, 630 ಜನ ಮತ ಹಾಕಿದರು ಎಂದಿಟ್ಟುಕೊಳ್ಳೋಣ. ಪಟ್ಟಿಯ ಲೆಕ್ಕದಲ್ಲಿ ಪ್ರಮಾಣ ಶೇ. 70, ಅರ್ಹರ ಲೆಕ್ಕದಲ್ಲಿ ಶೇ. 63. ಬಿಟ್ಟುಹೋದ ಆ 100 ಮಂದಿ ಎಲ್ಲ ವರ್ಗಗಳಲ್ಲಿ ಸಮನಾಗಿ ಹಂಚಿಹೋಗಿರುವುದು ವಿರಳ. ಮದುವೆಯಾಗಿ ಬಂದ ಹೆಣ್ಣುಮಗಳ ಹೆಸರು ತವರಿನ ಪಟ್ಟಿಯಲ್ಲೇ ಉಳಿದಿರುತ್ತದೆ. ಕಟ್ಟಡ ಕೆಲಸಕ್ಕೆ ಊರೂರು ಅಲೆಯುವವರ ಹೆಸರು ಇರುವ ಕಡೆ ಅವರಿರುವುದಿಲ್ಲ, ಅವರಿರುವ ಕಡೆ ಹೆಸರಿರುವುದಿಲ್ಲ.

1951–52ರ ಮೊದಲ ಮಹಾಚುನಾವಣೆಯ ವೇಳೆಗೇ ಇದು ಎದ್ದು ಕಂಡಿತ್ತು. ಸುಮಾರು 17.3 ಕೋಟಿ ಮತದಾರರ ಪಟ್ಟಿ ಸಿದ್ಧವಾಗುತ್ತಿದ್ದಾಗ, ಉತ್ತರ ಭಾರತದ ಹಲವೆಡೆ ಮಹಿಳೆಯರು ಹೆಸರು ಹೇಳದೆ ಇಂಥವರ ಹೆಂಡತಿ, ಇಂಥವರ ಮಗಳು ಎಂದಷ್ಟೇ ಬರೆಸಿದರು. ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಇದನ್ನು ಒಪ್ಪಲಿಲ್ಲ. ಸ್ವಂತ ಹೆಸರು ಕೊಡದ ಸುಮಾರು 28 ಲಕ್ಷ ನಮೂದುಗಳು ರದ್ದಾದವು. ಬಹುಕಾಲದ ನಂತರವೂ ಈ ಕೊರತೆ ಪೂರ್ತಿ ನೀಗಿಲ್ಲ: ಪ್ರಣಯ್ ರಾಯ್ ಮತ್ತು ದೊರಾಬ್ ಸೋಪಾರಿವಾಲಾ 2019ರಲ್ಲಿ ಜನಗಣತಿಗೆ ಹೋಲಿಸಿ, ಪಟ್ಟಿಯಲ್ಲಿರಬೇಕಾದ ಸುಮಾರು 2.1 ಕೋಟಿ ಮಹಿಳೆಯರು ಅಲ್ಲಿಲ್ಲವೆಂದು ಅಂದಾಜಿಸಿದರು. ಇದು ಅಂದಾಜೇ ಆದರೂ ಅದರ ಗಾತ್ರ ಕಡೆಗಣಿಸುವಂಥದ್ದಲ್ಲ.

ಬಿಹಾರದ ಇತ್ತೀಚಿನ ಉದಾಹರಣೆ ಇನ್ನೂ ಬೋಧಪ್ರದ. 2025ರ ವಿಶೇಷ ತೀವ್ರ ಪರಿಷ್ಕರಣೆಯಲ್ಲಿ ಪಟ್ಟಿ 7.89 ಕೋಟಿಯಿಂದ 7.42 ಕೋಟಿಗೆ ಇಳಿಯಿತು. ಆ ನವೆಂಬರ್‌ನ ವಿಧಾನಸಭಾ ಚುನಾವಣೆಯಲ್ಲಿ ಮತದಾನ ಸುಮಾರು ಶೇ. 67 ತಲುಪಿತು, 2020ರಲ್ಲಿ ಅದು ಶೇ. 57ರ ಆಸುಪಾಸಿನಲ್ಲಿತ್ತು. ಮತ ಹಾಕಿದವರ ಸಂಖ್ಯೆಯೂ ಗಣನೀಯವಾಗಿ ಏರಿತ್ತು, ಪರಿಷ್ಕರಣೆಯಿಂದ ಛೇದವೂ ಕುಗ್ಗಿತ್ತು. ಎರಡನ್ನೂ ಬೇರ್ಪಡಿಸದೆ ಏರಿಕೆಯ ಅರ್ಥ ಹೇಳುವುದು ಆತುರವಾದೀತು.

ಯಾವ ಅಸಮಾನತೆ ಕಣ್ಣಿಗೆ ಬೀಳುತ್ತದೆ ಎಂಬುದನ್ನೂ ದಾಖಲೆಯೇ ನಿರ್ಧರಿಸುತ್ತದೆ. ಮತಗಟ್ಟೆಯ ಮೊದಲ ಅಧಿಕಾರಿ ಮತದಾರರ ಪಟ್ಟಿಯ ಗುರುತು ಪ್ರತಿಯಲ್ಲಿ, ಮತ ಹಾಕಲು ಬಂದವರ ಹೆಸರಿಗೆ ಗೆರೆ ಎಳೆಯುತ್ತಾರೆ. ಮಹಿಳೆಯಾದರೆ ಇನ್ನೊಂದು ಗುರುತು ಸೇರುತ್ತದೆ. ಆದ್ದರಿಂದ ಗಂಡು–ಹೆಣ್ಣಿನ ಲೆಕ್ಕ ಚುನಾವಣಾ ಆಯೋಗದ ಬಳಿ ಇದೆ. ಜಾತಿ, ಆದಾಯ, ಶಿಕ್ಷಣದ ಲೆಕ್ಕಕ್ಕೆ ಸಮೀಕ್ಷೆಗಳೇ ಗತಿ. ಮತ ಹಾಕದವರೂ ಹಾಕಿದೆವೆಂದು ಹೇಳುವುದು ಎಲ್ಲ ದೇಶಗಳ ಸಮೀಕ್ಷೆಗಳನ್ನೂ ಕಾಡುವ ದೋಷ.

ಭಾರತದ ಅನುಭವ

ವರ್ಬಾ, ನಾರ್ಮನ್ ನೈ ಮತ್ತು ಜೇ-ಆನ್ ಕಿಮ್ 1978ರಲ್ಲಿ ಪ್ರಕಟಿಸಿದ ಏಳು ದೇಶಗಳ ಹೋಲಿಕೆಯಲ್ಲಿ ಭಾರತವೂ ಇತ್ತು. ಮತದಾನಕ್ಕಿಂತ ಪ್ರಚಾರ, ಸಂಘಟನೆಯಂಥ ಚಟುವಟಿಕೆಗಳಲ್ಲಿ ಸ್ಥಿತಿವಂತರ ಮೇಲುಗೈ ಹೆಚ್ಚು ಎಂಬುದು ಅಲ್ಲಿ ಮೂಡಿದ ಚಿತ್ರ. ದೆಹಲಿಯ ಅಭಿವೃದ್ಧಿಶೀಲ ಸಮಾಜಗಳ ಅಧ್ಯಯನ ಕೇಂದ್ರ 1960ರ ದಶಕದಲ್ಲಿ ಆರಂಭಿಸಿ 1996ರಿಂದ ನಿಯಮಿತವಾಗಿ ನಡೆಸಿದ ಸಮೀಕ್ಷೆಗಳ ಆಧಾರದಲ್ಲಿ ಯೋಗೇಂದ್ರ ಯಾದವ್, ದಲಿತರು, ಹಿಂದುಳಿದವರು, ಬಡವರು ಮತ್ತು ಗ್ರಾಮೀಣರ ಪಾಲ್ಗೊಳ್ಳುವಿಕೆ 1990ರ ದಶಕದಲ್ಲಿ ಉಕ್ಕಿದ್ದನ್ನು ಎರಡನೆಯ ಪ್ರಜಾಸತ್ತಾತ್ಮಕ ಏರುಗತಿ ಎಂದು ವಿವರಿಸಿದರು. ಪಾಶ್ಚಾತ್ಯ ಸಂಶೋಧನೆಯ ಮುಖ್ಯ ತೀರ್ಮಾನಕ್ಕೆ ಇದು ನೇರ ಅಪವಾದ.

ಕಾರಣಗಳ ಬಗ್ಗೆ ಒಮ್ಮತವಿಲ್ಲ. ಅಮಿತ್ ಆಹುಜಾ ಮತ್ತು ಪ್ರದೀಪ್ ಛಿಬ್ಬರ್ (2012) ಪ್ರಕಾರ, ಸರ್ಕಾರದ ಕಣ್ಣಿಗೆ ತಾವೂ ಇದ್ದೇವೆ ಎಂದು ತೋರಿಸಿಕೊಳ್ಳಲು ಬಡವರಿಗೆ ಮತವೇ ಮುಖ್ಯ ದಾರಿ. ಕಿಮುಲಿ ಕಸಾರ ಮತ್ತು ಪವಿತ್ರಾ ಸೂರ್ಯನಾರಾಯಣ್ (2015) ಶ್ರೀಮಂತರ ಕಡೆಯಿಂದ ನೋಡುತ್ತಾರೆ: ತೆರಿಗೆ ವಸೂಲಿಯ ಸಾಮರ್ಥ್ಯ ದುರ್ಬಲವಿದ್ದು ತಮ್ಮ ಆಸ್ತಿಗೆ ಧಕ್ಕೆಯಿಲ್ಲದ ಕಡೆ ಅವರಿಗೆ ಮತಗಟ್ಟೆಗೆ ಹೋಗುವ ತುರ್ತು ಕಡಿಮೆ. 2014ರ ನಂತರ ಮಧ್ಯಮ ವರ್ಗದ ಮತದಾನ ಹೆಚ್ಚಿದ ಸೂಚನೆಗಳಿರುವುದರಿಂದ, ಬಡವರೇ ಹೆಚ್ಚು ಮತ ಹಾಕುತ್ತಾರೆ ಎನ್ನುವುದಕ್ಕಿಂತ ಬಡವರು ಹಿಂದೆ ಬಿದ್ದಿಲ್ಲ ಎನ್ನುವುದೇ ಸರಿ. ದೆಹಲಿ ಕೇಂದ್ರದ ಸಮೀಕ್ಷೆಗಳು ಮತದಾರರ ಪಟ್ಟಿಯಿಂದಲೇ ಹೆಸರುಗಳನ್ನು ಆರಿಸಿಕೊಳ್ಳುತ್ತವೆ ಎಂಬುದೂ ಮುಖ್ಯ. ಪಟ್ಟಿಯಲ್ಲೇ ಇಲ್ಲದ ಬಡವರು ಮತಗಟ್ಟೆಗೂ ಬರಲಾರರು, ಸಮೀಕ್ಷೆಗೂ ಸಿಗಲಾರರು.

ಲಿಂಗದ ಅಂತರ ಇಳಿದ ಬಗೆ ಹೆಚ್ಚು ಸ್ಪಷ್ಟ. 1962ರ ಲೋಕಸಭಾ ಚುನಾವಣೆಯಲ್ಲಿ ಪುರುಷರ ಮತದಾನ ಶೇ. 63ರಷ್ಟಿದ್ದರೆ ಮಹಿಳೆಯರದು ಶೇ. 47ರಷ್ಟು. 2019ರಲ್ಲಿ ಮಹಿಳೆಯರು ಮೊದಲ ಬಾರಿಗೆ ಕೂದಲೆಳೆಯಷ್ಟು ಮುಂದೆ ಬಂದರು.

ಕರ್ನಾಟಕ

2024ರ ಲೋಕಸಭಾ ಚುನಾವಣೆಯಲ್ಲಿ ಮಂಡ್ಯದಲ್ಲಿ ಶೇ. 81ಕ್ಕೂ ಹೆಚ್ಚು ಮತದಾನವಾದರೆ, ಬೆಂಗಳೂರಿನ ದಕ್ಷಿಣ, ಕೇಂದ್ರ ಮತ್ತು ಉತ್ತರ ಕ್ಷೇತ್ರಗಳಲ್ಲಿ ಶೇ. 53–54. ಇದನ್ನು ನಗರವಾಸಿಗಳ ಉದಾಸೀನವೆಂದು ವಿವರಿಸುವುದು ವಾಡಿಕೆ. ಆದರೆ ಬಾಡಿಗೆ ಮನೆಗಳ ನಗರದಲ್ಲಿ ಮನೆ ಬಿಟ್ಟುಹೋದವರ ಹೆಸರುಗಳು ಪಟ್ಟಿಯಲ್ಲಿ ಬೇಗ ಅಳಿಯುವುದಿಲ್ಲ, ಹೊಸದಾಗಿ ಬಂದವರ ಹೆಸರುಗಳು ಬೇಗ ಸೇರುವುದೂ ಇಲ್ಲ. ಕ್ಷೇತ್ರದ ಒಟ್ಟು ಅಂಕಿಯಿಂದ ಆ ನಗರದ ಶ್ರೀಮಂತರು, ಬಡವರು ಹೇಗೆ ನಡೆದುಕೊಂಡರು ಎಂದು ಊಹಿಸುವುದೂ ಸಾಧುವಲ್ಲ.

ಪರಿಹಾರ ಮತ್ತು ಪರಿಣಾಮ

ಆಸ್ಟ್ರೇಲಿಯಾ 1924ರಲ್ಲಿ ಮತದಾನವನ್ನು ಕಡ್ಡಾಯ ಮಾಡಿತು. 1922ರಲ್ಲಿ ಶೇ. 60ರ ಒಳಗಿದ್ದ ಪ್ರಮಾಣ 1925ರಲ್ಲಿ ಶೇ. 91 ದಾಟಿತು. ಭಾರತದಲ್ಲಿ ಸ್ಥಳೀಯ ಸಂಸ್ಥೆಗಳಿಗೆ ಇದನ್ನು ಅನ್ವಯಿಸಲು ಗುಜರಾತ್ ಕಾನೂನು ಮಾಡಿತಾದರೂ ಅಲ್ಲಿನ ಹೈಕೋರ್ಟ್ 2015ರಲ್ಲಿ ತಡೆ ನೀಡಿತು. ಕರ್ನಾಟಕವೂ ಅದೇ ವರ್ಷ ಪಂಚಾಯತ್ ರಾಜ್ ಕಾಯ್ದೆಗೆ ಇಂಥ ತಿದ್ದುಪಡಿ ತಂದಿತು. ಪಟ್ಟಿಯಲ್ಲಿಲ್ಲದವರನ್ನು ಯಾವ ಕಡ್ಡಾಯವೂ ತಲುಪುವುದಿಲ್ಲ.

ಅಡ್ಡಿ ಸರಿದರೆ ಏನಾಗುತ್ತದೆ ಎಂಬುದಕ್ಕೆ ಬ್ರೆಜಿಲ್ ಸಾಕ್ಷಿ. ಬರವಣಿಗೆ ಬೇಡುತ್ತಿದ್ದ ಕಾಗದದ ಮತಪತ್ರದ ಜಾಗಕ್ಕೆ 1990ರ ದಶಕದಲ್ಲಿ ಮತಯಂತ್ರ ಬಂದಾಗ, ಓದು ಕಡಿಮೆ ಇದ್ದವರ ಅಸಿಂಧು ಮತಗಳು ತಗ್ಗಿದವು. ಸಾರ್ವಜನಿಕ ಆರೋಗ್ಯದ ವೆಚ್ಚ ಹೆಚ್ಚಿ, ಕಡಿಮೆ ತೂಕದ ಶಿಶುಗಳ ಜನನ ಇಳಿಯಿತೆಂದು ಥಾಮಸ್ ಫುಜಿವಾರಾ 2015ರಲ್ಲಿ ತೋರಿಸಿದರು.

ಭಾರತದ ಮಟ್ಟಿಗೆ ನಿಖರ್ ಗಾಯಕ್ವಾಡ್ ಮತ್ತು ಗ್ಯಾರೆತ್ ನೆಲ್ಲಿಸ್ ಎರಡು ನಗರಗಳಲ್ಲಿ ನಡೆಸಿ 2021ರಲ್ಲಿ ಪ್ರಕಟಿಸಿದ ಪ್ರಯೋಗ ಬಹು ಮಹತ್ವದ್ದು. ವಲಸಿಗರ ಮನೆಬಾಗಿಲಿಗೆ ಹೋಗಿ ಅರ್ಜಿ, ದಾಖಲೆಗಳಲ್ಲಿ ನೆರವಾದಾಗ ನೋಂದಣಿ ಶೇಕಡಾ 24 ಪಾಯಿಂಟ್ ಏರಿತು. ಮುಂದಿನ ಚುನಾವಣೆಯಲ್ಲಿ ಅವರ ಮತದಾನವೂ ಹೆಚ್ಚಿತು. ಹುಟ್ಟೂರಿನ ನಂಟು ನೋಂದಣಿಯ ಇಚ್ಛೆಗೆ ಅಡ್ಡಿಯಾಗಿರಲಿಲ್ಲ. ಕೆಲವು ಬಡಾವಣೆಗಳಲ್ಲಿ ಈ ನೋಂದಣಿಯ ವಿಷಯವನ್ನು ರಾಜಕಾರಣಿಗಳಿಗೂ ತಿಳಿಸಲಾಗಿತ್ತು. ಅಲ್ಲಿ ಅವರು ಹೆಚ್ಚು ಪ್ರಚಾರ ಮಾಡಿದರು. ಹೆಸರು ಪಟ್ಟಿಗೆ ಸೇರಿದ ಮೇಲೆಯೇ ಅಭ್ಯರ್ಥಿಗಳಿಗೆ ಆ ಓಣಿಯೂ ಲೆಕ್ಕಕ್ಕೆ ಬಂತು.